ನೀರುಗಂಟಿಯ ಹೆಸರು, ಪಂಚಾಯಿತಿಯ ಲೆಕ್ಕ

ಕಳೆದ ಬೇಸಗೆಯ ರಜೆಯಲ್ಲಿ, ಹಿರಿಯರ ಕಾಲದ ಮನೆಯ ಕಂದಾಯ ಕಟ್ಟುವ ಸಲುವಾಗಿ ಊರಿನ ಗ್ರಾಮ ಪಂಚಾಯಿತಿಯ ಕಚೇರಿಗೆ ಹೋಗಿದ್ದೆ. ಗೋಡೆಯ ಮೇಲೆ ಗಾಂಧೀಜಿಯವರ ಪಟ. ಅದರ ಕೆಳಗೆ ಗಣಕಯಂತ್ರ. ಅದರ ಮುಂದೆ ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ನನಗಿಂತ ಮುಂಚೆ ಬಂದು ನಿಂತಿದ್ದವನು ಊರಿನ ನೀರುಗಂಟಿ. ಆತನಿಗೆ ಮೂರು ತಿಂಗಳ ಸಂಬಳ ಬಂದಿರಲಿಲ್ಲ.

“ನಿಮ್ಮ ಹೆಸರು ತಾಳೆ ಆಗ್ತಿಲ್ಲ ಅಣ್ಣ. ಬ್ಯಾಂಕಿನಲ್ಲಿ ಒಂದು ಥರ ಇದೆ, ಆಧಾರ್‌ನಲ್ಲಿ ಇನ್ನೊಂದು ಥರ ಇದೆ. ಕಂಪ್ಯೂಟರು ತಗೊಳ್ತಿಲ್ಲ” ಎಂದಳು ಆಕೆ. ಮಾತಿನಲ್ಲಿ ಗದರಿಕೆ ಇರಲಿಲ್ಲ, ಬೇಸರವಿತ್ತು.

ಆತ ತುಸು ಹೊತ್ತು ಪರದೆಯನ್ನೇ ನೋಡಿದ. “ನೀರು ಬಿಟ್ಟೋನು ನಾನೇ ಅಲ್ವೇನವ್ವಾ? ಹೆಸರು ಹೆಂಗಿದ್ರೇನು?”

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಆ ಪ್ರಶ್ನೆ ನಾಟಿತು. ವೀರಣ್ಣ ಎಂಬ ಹೆಸರು ಹಳ್ಳಿಯ ಬಾಯಲ್ಲಿ ಈರಣ್ಣ ಆಗುವುದನ್ನು ನಾವು ತರಗತಿಯಲ್ಲಿ ಧ್ವನಿವ್ಯತ್ಯಾಸವೆಂದು ಬೋಧಿಸುತ್ತೇವೆ. ಸರಿಯಾಗಿ ಬರೆದ ವಿದ್ಯಾರ್ಥಿಗೆ ಅಂಕ ಕೊಡುತ್ತೇವೆ. ಅದೇ ಹೆಸರು ಇಂಗ್ಲಿಷ್ ಅಕ್ಷರಗಳಿಗೆ ಇಳಿದಾಗ ಮೂರು ಕಚೇರಿಗಳಲ್ಲಿ ಮೂರು ರೂಪ ತಾಳುವುದೂ ಉಂಟು. ಪಾಠಕ್ಕೆ ಒಳ್ಳೆಯ ಉದಾಹರಣೆಯಾಗುವ ಇಂಥದೊಂದು ವ್ಯತ್ಯಾಸ ಇಲ್ಲಿ ಒಂದು ಸಂಸಾರದ ಅಕ್ಕಿ ಬೇಳೆಯನ್ನು ತಡೆದು ನಿಲ್ಲಿಸಿತ್ತು.

ಹಿಂದೆ ಹೀಗಿರಲಿಲ್ಲವೆಂದು ನಿಟ್ಟುಸಿರಿಡುವುದು ಸುಲಭ. ಹಿಂದೆ ಹೇಗಿತ್ತು? ಶಾಸನಗಳ ‘ಸೇನಬೋವ’ನೇ ಮುಂದೆ ಶಾನುಭೋಗನಾಗಿ ಹಳ್ಳಿಯ ಕಂದಾಯದ ಲೆಕ್ಕವನ್ನು ತಲೆಮಾರುಗಳ ಕಾಲ ಹಿಡಿದುಕೊಂಡು ಬಂದ. ಅವನಿಗೆ ಈರಣ್ಣನೂ ವೀರಣ್ಣನೂ ಒಬ್ಬನೇ ಎಂಬುದು ಗೊತ್ತಿತ್ತು. ಮುಖ ನೋಡಿ ಬರೆದುಕೊಳ್ಳುತ್ತಿದ್ದ. ಆದರೆ ಅವನು ಮೋಡಿಯಲ್ಲಿ ಬರೆದುದನ್ನು ಅವನೇ ಓದಿ ಹೇಳಬೇಕಾಗಿತ್ತು. ಬಾಕಿ ಎಷ್ಟೆಂದು ಅವನು ಹೇಳಿದರೆ ಅಷ್ಟು. ವಂಶಪಾರಂಪರ್ಯದ ಈ ಪದ್ಧತಿಯನ್ನು ತೆಗೆದುಹಾಕಲು ೧೯೬೧ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂದು, ೧೯೬೩ರಲ್ಲಿ ಜಾರಿಯಾಯಿತು. ಶಾನುಭೋಗಿಕೆ ಹೋಯಿತು, ಓದಲು ಬಾರದ ಲೆಕ್ಕ ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ಸಂವಿಧಾನದ ೭೩ನೆಯ ತಿದ್ದುಪಡಿಯ ಬೆನ್ನಿಗೆ, ೧೯೯೩ರ ಪಂಚಾಯತ್ ರಾಜ್ ಕಾಯಿದೆಯಿಂದ ನಮ್ಮ ಗ್ರಾಮ ಪಂಚಾಯಿತಿಗಳು ಹೊಸ ರೂಪ ಪಡೆದವು. ಹಣದ ಹೊಳೆ ಹಿಗ್ಗಿತು. ಅದನ್ನು ಅಳೆಯುವ ಕೊಳಗ ಹಳೆಯದೇ ಆಗಿತ್ತು. ನಗದು ಪುಸ್ತಕದಲ್ಲಿ ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು, ಕೊನೆಗೆ ಕೈಯಲ್ಲಿ ಉಳಿದ ಶಿಲ್ಕು. ಲೆಕ್ಕವೆಂದರೆ ಮುಖ್ಯವಾಗಿ ಇಷ್ಟೆ. ಈ ಪದ್ಧತಿಯ ದೊಡ್ಡ ಕೊರತೆಯೆಂದರೆ, ಹಣ ಕೈಬದಲಾಯಿಸಿದಾಗ ಮಾತ್ರ ಅದಕ್ಕೆ ಕಣ್ಣು. ಬರಬೇಕಾಗಿದ್ದು ಬಾರದ ಕರವಾಗಲಿ, ಕೊಡಬೇಕಾಗಿದ್ದು ಕೊಡದ ಸಂಬಳವಾಗಲಿ ನಗದು ಪುಸ್ತಕದಲ್ಲಿ ಕಾಣುವುದಿಲ್ಲ. ಮೂರು ತಿಂಗಳು ಸಂಬಳವಿಲ್ಲದೆ ನೀರು ಬಿಟ್ಟ ಮನುಷ್ಯ ಆ ಪುಸ್ತಕದ ಮಟ್ಟಿಗೆ ಇಲ್ಲದವನೇ.

ಈ ಕೊರತೆಯನ್ನು ನೀಗಿದ್ದು ೨೦೦೬ರ ಗ್ರಾಮ ಪಂಚಾಯಿತಿ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು. ಇವು ಪಂಚಾಯಿತಿಗಳಿಗೆ ಜೋಡಿ ನಮೂದಿನ ಪದ್ಧತಿಯನ್ನು ವಿಧಿಸಿದವು. ವೆನಿಸ್ಸಿನ ವರ್ತಕರ ಈ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಗಣಿತಜ್ಞ ಸಂನ್ಯಾಸಿ ೧೪೯೪ರಲ್ಲಿ ಗ್ರಂಥಸ್ಥಗೊಳಿಸಿದ್ದ. ನಮ್ಮ ಹಳ್ಳಿಯ ಬಾಗಿಲಿಗೆ ಅದು ಬರಲು ಐದು ಶತಮಾನ ಹಿಡಿಯಿತು. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕೆಂಬುದು ಇದರ ನಿಯಮ. ನೀರುಗಂಟಿಯ ತಿಂಗಳ ವೇತನ ೧೨,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳು ಮುಗಿದೊಡನೆ, ಹಣ ಕೊಟ್ಟಿರಲಿ ಬಿಡಲಿ, ‘ವೇತನದ ವೆಚ್ಚ’ ಎಂದು ಒಂದು ಕಡೆ, ‘ಕೊಡಬೇಕಾದ ವೇತನ’ ಎಂದು ಇನ್ನೊಂದು ಕಡೆ ಅಷ್ಟೇ ಮೊತ್ತ ಏರಬೇಕು. ಮೂರು ತಿಂಗಳಾದರೆ ಪಂಚಾಯಿತಿಯ ತಲೆಯ ಮೇಲೆ ೩೬,೦೦೦ ರೂಪಾಯಿಯ ಸಾಲ ನಿಂತಿರುತ್ತದೆ. ಸಾಲಿಗ ಯಾರು? ಪಂಚಾಯಿತಿ. ಸಾಲ ಕೊಟ್ಟವನು ಯಾರು? ತನ್ನ ದುಡಿಮೆಯನ್ನು ಮುಂಗಡವಾಗಿ ಒಪ್ಪಿಸಿದ ಆ ನೀರುಗಂಟಿ. ಕಚೇರಿಯಲ್ಲಿ ಕೈಕಟ್ಟಿ ನಿಂತವನನ್ನು ಹಕ್ಕುದಾರನ ಸ್ಥಾನದಲ್ಲಿ ಕೂರಿಸುವ ಪದ್ಧತಿ ಇದು. ಶುಷ್ಕವೆಂದು ನಾವು ದೂರವಿಟ್ಟ ಲೆಕ್ಕಶಾಸ್ತ್ರದಲ್ಲಿ ಇಂಥದೊಂದು ನ್ಯಾಯ ಅಡಗಿದೆಯೆಂದು ನನಗೂ ತಡವಾಗಿಯೇ ತಿಳಿಯಿತು.

ಜೋಡಿ ನಮೂದನ್ನು ಕೈಬರಹದಲ್ಲಿ ನಡೆಸುವುದು ಕಷ್ಟ. ಅದಕ್ಕಾಗಿಯೇ ಕರ್ನಾಟಕದ ಪಂಚಾಯಿತಿಗಳಿಗೆ ‘ಪಂಚತಂತ್ರ’ವೆಂಬ ತಂತ್ರಾಂಶ ಬಂದಿತು. ಕತೆಯ ಪಂಚತಂತ್ರವನ್ನು ೧೧ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಈ ಹೊಸ ಪಂಚತಂತ್ರಕ್ಕೂ ರಾಜ್ಯಭಾರದ ನಂಟು ತಪ್ಪಲಿಲ್ಲ. ಮನೆ ಕಂದಾಯದ ಬೇಡಿಕೆ, ವಸೂಲಿ, ಬಾಕಿ, ನೌಕರರ ವಿವರ ಎಲ್ಲವೂ ಇದರೊಳಗೆ ಬರುತ್ತವೆ. ಕೇಂದ್ರದ ‘ಇ-ಗ್ರಾಮಸ್ವರಾಜ್’ ೨೦೨೦ರ ಏಪ್ರಿಲ್ ೨೪ರಂದು ಆರಂಭವಾಯಿತು. ಹಣ ಪಾವತಿಗೆ ಈಗ ಬೆರಳುಗಾತ್ರದ ಗಣಕದ ಕೀಲಿಗಳು ಬೇಕು. ಕಾಗದದ ಮೇಲಿನ ಸಹಿಯ ಕೆಲಸವನ್ನು ಅವು ಮಾಡುತ್ತವೆ.

ಇದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಕೌಟಿಲ್ಯನ ಅರ್ಥಶಾಸ್ತ್ರ ತನ್ನ ಎರಡನೆಯ ಅಧಿಕರಣದಲ್ಲಿ ರಾಜನ ಹಣವನ್ನು ಅಪಹರಿಸುವ ೪೦ ಉಪಾಯಗಳನ್ನು ಎಣಿಸಿದೆ. ಮೊದಲೇ ಬಂದದ್ದನ್ನು ತಡವಾಗಿ ಬರೆಯುವುದು, ಹೆಚ್ಚು ಬಂದದ್ದನ್ನು ಕಡಿಮೆ ತೋರಿಸುವುದು ಅವುಗಳಲ್ಲಿ ಸೇರಿವೆ. ನಮೂದಿನ ದಿನ, ವೇಳೆಗಳನ್ನು ತಾನೇ ಗುರುತು ಹಾಕಿಕೊಳ್ಳುವ ತಂತ್ರಾಂಶದೆದುರು ಮೊದಲನೆಯ ಉಪಾಯ ಅಷ್ಟು ಸುಲಭವಲ್ಲ. ಕೂಡುವುದರಲ್ಲಿ ತಪ್ಪಿತೆಂಬ ನೆಪವೂ ಉಳಿಯದು. ಆದರೆ ಬರೆಯದೆಯೇ ಬಿಟ್ಟದ್ದನ್ನು ಯಂತ್ರ ಬಲ್ಲುದೆ? ಬಾರದ ಆಳನ್ನು ಬಂದನೆಂದು ಬರೆದರೆ ಅದು ತಡೆದೀತೆ? ಇಬ್ಬರ ಬಳಿ ಇರಬೇಕಾದ ಕೀಲಿಗಳು ಒಂದೇ ಮೇಜಿನ ಸೆಳೆಖಾನೆಯಲ್ಲಿ ಮಲಗಿದ್ದರೆ ಅದಕ್ಕೆ ಗೊತ್ತಾದೀತೆ? ಗಣಕ ಲೆಕ್ಕವನ್ನು ಮಾಡುತ್ತದೆ, ಸಾಕ್ಷಿ ಹೇಳುವುದಿಲ್ಲ. ಸಾಕ್ಷಿ ಮನುಷ್ಯನೇ ಹೇಳಬೇಕು. ಸಾಕ್ಷಿ ಹೇಳಬೇಕಾದರೆ ಅವನಿಗೆ ಲೆಕ್ಕ ಓದಲು ಬರಬೇಕು.

ನನ್ನ ಮಾತಿನ ತಿರುಳು ಇಷ್ಟೆ. ಶಾನುಭೋಗನ ಕಡತ ಮೋಡಿಯಲ್ಲಿತ್ತು. ಇಂದಿನ ಕಡತ ಗುಪ್ತಪದದ ಹಿಂದೆ, ಅರೆ ಇಂಗ್ಲಿಷಿನಲ್ಲಿ, ಸಂಕ್ಷೇಪಾಕ್ಷರಗಳಲ್ಲಿ ಇದೆ. ಓದಬೇಕಾದವನಿಗೆ ಎರಡೂ ಒಂದೇ. ವಾರ್ಷಿಕ ಲೆಕ್ಕಪತ್ರವನ್ನು ಗ್ರಾಮಸಭೆಯ ಮುಂದಿಡಬೇಕೆಂಬ ಏರ್ಪಾಡು ಕಾನೂನಿನಲ್ಲಿದೆ. ಇಡುವುದು ಬೇರೆ, ಓದಿ ಹೇಳುವುದು ಬೇರೆ. ‘ಈ ವರ್ಷ ನಮಗೆ ಬರಬೇಕಾದ ಕಂದಾಯ ಇಷ್ಟು, ಬಂದದ್ದು ಇಷ್ಟು; ನೀರುಗಂಟಿಗೂ ಕಸ ಗುಡಿಸುವವರಿಗೂ ನಾವು ಕೊಡಬೇಕಾದದ್ದು ಇಷ್ಟು, ಕೊಡದೆ ಉಳಿದದ್ದು ಇಷ್ಟು’ ಎಂದು ನಾಲ್ಕು ಸಾಲು ಕನ್ನಡದಲ್ಲಿ, ಗಟ್ಟಿಯಾಗಿ, ಜನರ ನಡುವೆ ನಿಂತು ಓದಿದರೆ ಸಾಕು; ೨೦೦೬ರ ನಿಯಮಗಳು ಕಾಗದದಿಂದ ಎದ್ದು ಬರುತ್ತವೆ. ಇದಕ್ಕೆ ಹೊಸ ಯಂತ್ರ ಬೇಡ. ಹೆಸರುಗಳ ವಿಷಯದಲ್ಲಿಯೂ ಅಷ್ಟೆ: ಹೆಸರು ತಾಳೆಯಾಗದಿದ್ದರೆ ಅದನ್ನು ತಿದ್ದಿಸುವ ಹೊಣೆ ಸಂಬಳ ಕೊಡುವ ಕಚೇರಿಯದಾಗಲಿ, ಕೂಲಿ ಬಿಟ್ಟು ಪೇಟೆಗೆ ಅಲೆಯುವ ಹೊಣೆ ದುಡಿದವನದಾಗದಿರಲಿ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಲೆಕ್ಕಪತ್ರದ ಒಂದು ಪುಟವನ್ನಾದರೂ ಬಿಡಿಸಿ ಹೇಳಬಲ್ಲವರಾದರೆ ಅದೂ ಕನ್ನಡದ ಕೆಲಸವೇ. ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಬಲ್ಲವನಿಗೆ ಜಮಾಖರ್ಚಿನ ಅನ್ವಯ ಅಸಾಧ್ಯವೇನಲ್ಲ.

ದಸರೆಯ ರಜೆಯಲ್ಲಿ ಮತ್ತೆ ಊರಿಗೆ ಹೋದಾಗ ನೀರುಗಂಟಿ ಕೆರೆ ಏರಿಯ ಮೇಲೆ ಸಿಕ್ಕಿದ. ಕಚೇರಿಯ ಆ ಹೆಣ್ಣುಮಗಳೇ ಬ್ಯಾಂಕಿಗೆ ಕಾಗದ ಬರೆದುಕೊಟ್ಟಿದ್ದಳಂತೆ. ಆಧಾರ್ ತಿದ್ದಿಸಲು ಆತ ಎರಡು ಸಲ ತಾಲ್ಲೂಕು ಪೇಟೆಗೆ ಹೋಗಿಬಂದಿದ್ದ. ಹಣ ಬಂದಿತ್ತು. ಆತ ಅಂಗಿಯ ಜೇಬಿನಿಂದ ಮೊಬೈಲು ತೆಗೆದು ನನ್ನ ಕೈಗಿತ್ತ. “ಒಸಿ ಓದಿ ಯೋಳಿ ಮೇಷ್ಟ್ರೇ.” ಸಂದೇಶ ಇಂಗ್ಲಿಷಿನಲ್ಲಿತ್ತು. ಮೊತ್ತವನ್ನು ಓದಿ ಹೇಳಿದೆ. ಆತ ಮನಸ್ಸಿನಲ್ಲಿಯೇ ಗುಣಿಸಿ ಭಾಗಿಸಿ ಕೇಳಿದ: “ಇದು ಯಾವ್ಯಾವ ತಿಂಗಳದು?”

ಸಂದೇಶದಲ್ಲಿ ಅದು ಇರಲಿಲ್ಲ. ನಾಳೆ ಕಚೇರಿಯಲ್ಲಿ ಇಬ್ಬರೂ ಹೋಗಿ ಕೇಳೋಣವೆಂದೆ.