ಮೃತ ಸದಸ್ಯರ ಪಿಂಚಣಿ ಆಯ್ಕೆ

ಮೃತ ಸದಸ್ಯರ ಪಿಂಚಣಿ ಆಯ್ಕೆ ಎಂಬುದು ಪಿಂಚಣಿ ಯೋಜನೆಯೊಂದರ ಸದಸ್ಯರು ತೀರಿಕೊಂಡ ಬಳಿಕ ಅವರ ಖಾತೆಗೆ ಸಂಬಂಧಿಸಿದ ತೀರ್ಮಾನಗಳನ್ನು ಯಾರು ಕೈಗೊಳ್ಳಬೇಕು ಎಂಬುದಕ್ಕೆ ಸಂಬಂಧಿಸಿದ ವಿಷಯವಾಗಿದೆ. ಕುಟುಂಬ ಪಿಂಚಣಿಯನ್ನು ಯಾರು ಪಡೆಯಬೇಕು, ಸಂಚಿತ ಹಣವನ್ನು ಒಂದೇ ಗಂಟಿನಲ್ಲಿ ಪಡೆಯಬೇಕೆ ಅಥವಾ ವಂತಿಗೆ ಮುಂದುವರಿಸಬೇಕೆ, ಎರಡು ಯೋಜನೆಗಳ ಪೈಕಿ ಯಾವುದನ್ನು ಒಪ್ಪಬೇಕು ಎಂಬ ಪ್ರಶ್ನೆಗಳು ಇದರಲ್ಲಿ ಸೇರುತ್ತವೆ. ಭಾರತದಲ್ಲಿ ಈ ಅಧಿಕಾರವು ಯೋಜನೆಯಿಂದ ಯೋಜನೆಗೆ ಭಿನ್ನವಾಗಿದೆ. ಕೆಲವೆಡೆ ನಿಯಮವೇ ಎಲ್ಲವನ್ನೂ ನಿರ್ಧರಿಸುತ್ತದೆ. ಕೆಲವೆಡೆ ಸದಸ್ಯರು ಬದುಕಿದ್ದಾಗ ಬರೆದುಕೊಟ್ಟ ಆಯ್ಕೆಯೇ ಅಂತಿಮ. ಇನ್ನು ಕೆಲವೆಡೆ ಮಾತ್ರ ಬದುಕುಳಿದ ಪತಿ ಅಥವಾ ಪತ್ನಿಗೆ ಆಯ್ಕೆಯ ಹಕ್ಕು ದೊರೆಯುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಈ ಮೂರೂ ಬಗೆಯ ಯೋಜನೆಗಳ ವ್ಯಾಪ್ತಿಗೆ ಬರುವ ಜನರಿದ್ದಾರೆ. ಚಳ್ಳಕೆರೆಯು ಶೇಂಗಾ ಎಣ್ಣೆ ಗಿರಣಿಗಳಿಗೂ ಕಂಬಳಿ ನೇಯ್ಗೆಗೂ ಹೆಸರಾಗಿದೆ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಗೊಂಡಿತು. ಹೀಗಾಗಿ ಒಂದೇ ಬೀದಿಯ ಗಿರಣಿ ಕಾರ್ಮಿಕ, ನೇಕಾರ, ಶಾಲಾ ಶಿಕ್ಷಕ ಮತ್ತು ಕೇಂದ್ರ ನೌಕರರ ಕುಟುಂಬಗಳಿಗೆ ನಾಲ್ಕು ಬೇರೆ ಬೇರೆ ನಿಯಮಾವಳಿಗಳು ಅನ್ವಯಿಸಬಹುದು.

ನಾಮನಿರ್ದೇಶಿತರು, ಕುಟುಂಬ ಮತ್ತು ವಾರಸುದಾರರು

ಈ ವಿಷಯದಲ್ಲಿ ಮೂರು ಪದಗಳನ್ನು ಪ್ರತ್ಯೇಕವಾಗಿ ಅರಿಯಬೇಕಾಗುತ್ತದೆ. ಸದಸ್ಯರು ತಮ್ಮ ಅರ್ಜಿಯಲ್ಲಿ ಹೆಸರಿಸಿದ ವ್ಯಕ್ತಿ ನಾಮನಿರ್ದೇಶಿತರು, ಅಂದರೆ ನಾಮಿನಿ. ಯೋಜನೆಯ ನಿಯಮಗಳು ವ್ಯಾಖ್ಯಾನಿಸಿದ ಪತಿ, ಪತ್ನಿ, ಮಕ್ಕಳು ಮೊದಲಾದವರು ಕುಟುಂಬ. ಉತ್ತರಾಧಿಕಾರ ಕಾನೂನಿನಂತೆ ಆಸ್ತಿಗೆ ಹಕ್ಕುಳ್ಳವರು ವಾರಸುದಾರರು. ಈ ಮೂವರೂ ಒಬ್ಬರೇ ಆಗಿರಬೇಕೆಂದಿಲ್ಲ.

ಜೀವವಿಮೆಗೆ ಸಂಬಂಧಿಸಿದ ಸರ್ಬತಿ ದೇವಿ ಪ್ರಕರಣದಲ್ಲಿ (1984) ಸರ್ವೋಚ್ಚ ನ್ಯಾಯಾಲಯವು, ನಾಮಿನಿಯು ಹಣವನ್ನು ಸ್ವೀಕರಿಸಲು ಅಧಿಕಾರವುಳ್ಳವರೇ ಹೊರತು ನಾಮನಿರ್ದೇಶನದ ಕಾರಣದಿಂದಲೇ ಅದರ ಒಡೆಯರಾಗುವುದಿಲ್ಲ ಎಂದು ತೀರ್ಪಿತ್ತಿತು. ಕುಟುಂಬ ಪಿಂಚಣಿಯ ಸ್ವರೂಪ ಇದಕ್ಕಿಂತ ಬೇರೆ. ವಯೊಲೆಟ್ ಐಸಾಕ್ ಪ್ರಕರಣದಲ್ಲಿ (1991) ಅದೇ ನ್ಯಾಯಾಲಯವು, ಕುಟುಂಬ ಪಿಂಚಣಿಯು ಮೃತ ನೌಕರರ ಆಸ್ತಿಯ ಭಾಗವಲ್ಲ, ಆದ್ದರಿಂದ ಅದನ್ನು ಉಯಿಲಿನ ಮೂಲಕ ಬೇರೆಯವರಿಗೆ ಬರೆದುಕೊಡಲು ಸಾಧ್ಯವಿಲ್ಲ ಎಂದು ಹೇಳಿತು. ನೌಕರರು ಉಯಿಲಿನಲ್ಲಿ ಸೋದರನ ಹೆಸರನ್ನು ಬರೆದಿದ್ದರೂ ಪಿಂಚಣಿಯು ನಿಯಮದಲ್ಲಿ ಹೇಳಿದ ಕುಟುಂಬದ ಸದಸ್ಯರಿಗೇ ಸಲ್ಲುತ್ತದೆ.

ಮರಣಾನಂತರ ಕುಟುಂಬವು ಕೈಗೊಳ್ಳುವ ತೀರ್ಮಾನಗಳಿಗೂ ಮಿತಿಯಿದೆ. ಶ್ರೀರಾಮ್ ಶ್ರೀಧರ್ ಚಿಮುರ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿ 17ರಂದು, ಸರ್ಕಾರಿ ನೌಕರರ ಮರಣದ ನಂತರ ಅವರ ವಿಧವೆಯು ದತ್ತು ಪಡೆದ ಮಗುವಿಗೆ ಕೇಂದ್ರದ ಪಿಂಚಣಿ ನಿಯಮಗಳಡಿ ಕುಟುಂಬ ಪಿಂಚಣಿ ದೊರೆಯದು ಎಂದು ತೀರ್ಪಿತ್ತಿತು. ವಿಧವೆಯು ದತ್ತು ಪಡೆಯುವ ಹಕ್ಕನ್ನು ನ್ಯಾಯಾಲಯ ನಿರಾಕರಿಸಲಿಲ್ಲ. ಆದರೆ ಆ ಮಗು ಪಿಂಚಣಿ ನಿಯಮಗಳ ಅರ್ಥದಲ್ಲಿ ಮೃತ ನೌಕರರ ಕುಟುಂಬಕ್ಕೆ ಸೇರುವುದಿಲ್ಲ ಎಂದಿತು. ಎರಡನೆಯ ವಿವಾಹಕ್ಕೆ ಸಂಬಂಧಿಸಿದ ರಾಮೇಶ್ವರಿ ದೇವಿ ಪ್ರಕರಣದಲ್ಲಿ (2000), ಮೊದಲ ಪತ್ನಿ ಬದುಕಿರುವಾಗ ನಡೆದ ಎರಡನೆಯ ವಿವಾಹದ ಪತ್ನಿಗೆ ಕುಟುಂಬ ಪಿಂಚಣಿಯ ಹಕ್ಕಿಲ್ಲವೆಂದೂ ಆ ವಿವಾಹದ ಮಕ್ಕಳಿಗೆ ಪಾಲು ಇದೆಯೆಂದೂ ನಿರ್ಣಯವಾಯಿತು.

ಕೇಂದ್ರ ಸರ್ಕಾರಿ ನೌಕರರು

2004ರ ಜನವರಿ 1ರಂದು ಅಥವಾ ಆನಂತರ ಸೇವೆಗೆ ಸೇರಿದ ಕೇಂದ್ರ ನೌಕರರು, ಸಶಸ್ತ್ರ ಪಡೆಗಳನ್ನು ಹೊರತುಪಡಿಸಿ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಒಳಪಟ್ಟರು. ಇವರಿಗಾಗಿ 2021ರಲ್ಲಿ ಹೊರಡಿಸಿದ ಅನುಷ್ಠಾನ ನಿಯಮಗಳ ಪ್ರಕಾರ, ಸೇವೆಯಲ್ಲಿರುವಾಗಲೇ ಮರಣ ಸಂಭವಿಸಿದರೆ ಕುಟುಂಬಕ್ಕೆ ಹಳೆಯ ಪಿಂಚಣಿ ನಿಯಮಗಳ ಸೌಲಭ್ಯ ಬೇಕೆ ಅಥವಾ ಎನ್‌ಪಿಎಸ್ ಸಂಚಿತ ನಿಧಿಯ ಸೌಲಭ್ಯ ಬೇಕೆ ಎಂಬುದನ್ನು ನೌಕರರೇ ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು. ಬದುಕಿರುವಾಗ ಈ ಆಯ್ಕೆಯನ್ನು ಬದಲಿಸಬಹುದು. ಮರಣದ ಬಳಿಕ ಕೊನೆಯ ಸಲ ಬರೆದುಕೊಟ್ಟ ಆಯ್ಕೆಯೇ ಅಂತಿಮ. ಅದನ್ನು ಪರಿಷ್ಕರಿಸುವ ಹಕ್ಕು ಕುಟುಂಬಕ್ಕಿಲ್ಲ. ಆಯ್ಕೆಯನ್ನೇ ನೀಡದೆ ಮೃತಪಟ್ಟವರ ವಿಷಯದಲ್ಲಿ, ಸೇವೆಯ ಮೊದಲ 15 ವರ್ಷಗಳವರೆಗೆ ಹಳೆಯ ಪಿಂಚಣಿ ನಿಯಮಗಳನ್ನೇ ಆಯ್ದುಕೊಂಡಿದ್ದರೆಂದು ಭಾವಿಸಲಾಗುತ್ತದೆ. ಆ ಅವಧಿ ಮೀರಿದ ಮೇಲೆ, ಬೇರೆ ಆಯ್ಕೆ ಇಲ್ಲದಿದ್ದರೆ, ಎನ್‌ಪಿಎಸ್ ಸೌಲಭ್ಯವೇ ಅನ್ವಯಿಸುತ್ತದೆ.

ಈ ಆಯ್ಕೆಯ ಪರಿಣಾಮ ಸಣ್ಣದಲ್ಲ. ಹಳೆಯ ನಿಯಮಗಳಡಿ ಸೇವೆಯಲ್ಲಿರುವಾಗ ಮೃತಪಟ್ಟವರ ಕುಟುಂಬಕ್ಕೆ ಮೊದಲ 10 ವರ್ಷ ಕೊನೆಯ ಮೂಲ ವೇತನದ ಶೇ 50ರಷ್ಟು, ಅನಂತರ ಶೇ 30ರಷ್ಟು ಪಿಂಚಣಿ ಮತ್ತು ಅದರ ಮೇಲೆ ತುಟ್ಟಿ ಪರಿಹಾರ ದೊರೆಯುತ್ತದೆ. ಆಗ ಖಾತೆಯಲ್ಲಿನ ಸರ್ಕಾರದ ವಂತಿಗೆ ಮತ್ತು ಅದರ ಗಳಿಕೆ ಸರ್ಕಾರಕ್ಕೆ ಮರಳುತ್ತದೆ. ನೌಕರರ ಸ್ವಂತ ವಂತಿಗೆಯ ಭಾಗ ನಾಮಿನಿಗೆ ಸಂದಾಯವಾಗುತ್ತದೆ. ಎನ್‌ಪಿಎಸ್ ಆಯ್ಕೆಯಾಗಿದ್ದರೆ ಕುಟುಂಬದ ಮಾಸಿಕ ಆದಾಯವು ನಿಧಿಯ ಗಾತ್ರವನ್ನೂ ಅದರಿಂದ ಕೊಳ್ಳುವ ವರ್ಷಾಶನದ ದರವನ್ನೂ ಅವಲಂಬಿಸುತ್ತದೆ. ಕಡಿಮೆ ವರ್ಷ ಸೇವೆ ಸಲ್ಲಿಸಿದ ನೌಕರರ ನಿಧಿ ಚಿಕ್ಕದಾಗಿರುವುದರಿಂದ ವ್ಯತ್ಯಾಸ ಹೆಚ್ಚಾಗಿ ಕಾಣುತ್ತದೆ.

ಸದಸ್ಯರು ಬದುಕಿದ್ದಾಗ ಬರೆದ ಮಾತಿಗೆ ಇರುವ ಬೆಲೆಗೆ ಇನ್ನೊಂದು ನಿದರ್ಶನ 2024ರ ಜನವರಿಯ ತಿದ್ದುಪಡಿ. ವಿಚ್ಛೇದನದ ಮೊಕದ್ದಮೆ ಬಾಕಿಯಿರುವ ಅಥವಾ ಪತಿಯ ವಿರುದ್ಧ ಕೌಟುಂಬಿಕ ದೌರ್ಜನ್ಯದ ದೂರು ದಾಖಲಿಸಿರುವ ಮಹಿಳಾ ನೌಕರರು, ತಮ್ಮ ಮರಣಾನಂತರ ಕುಟುಂಬ ಪಿಂಚಣಿಯನ್ನು ಪತಿಗಿಂತ ಮೊದಲು ಅರ್ಹ ಮಕ್ಕಳಿಗೆ ನೀಡಬೇಕೆಂದು ಲಿಖಿತವಾಗಿ ಕೋರಬಹುದು.

ಏಕೀಕೃತ ಪಿಂಚಣಿ ಯೋಜನೆ

2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯು ಎನ್‌ಪಿಎಸ್‌ಗೆ ಒಳಪಟ್ಟ ಕೇಂದ್ರ ನೌಕರರಿಗೆ ಐಚ್ಛಿಕವಾಗಿತ್ತು. ಮೃತರ ಪರವಾಗಿ ಮತ್ತೊಬ್ಬರು ಆಯ್ಕೆ ಮಾಡುವುದಕ್ಕೆ ಇದು ಸ್ಪಷ್ಟವಾದ ಉದಾಹರಣೆ. 2025ರ ಮಾರ್ಚ್ 31ರೊಳಗೆ ನಿವೃತ್ತರಾಗಿ, ಯೋಜನೆಯನ್ನು ಆಯ್ದುಕೊಳ್ಳುವ ಮುನ್ನವೇ ತೀರಿಕೊಂಡ ಅರ್ಹ ಚಂದಾದಾರರ ಪರವಾಗಿ, ಕಾನೂನುಬದ್ಧವಾಗಿ ವಿವಾಹವಾದ ಪತಿ ಅಥವಾ ಪತ್ನಿಗೆ ಆಯ್ಕೆಯ ಅವಕಾಶ ನೀಡಲಾಯಿತು. ಈ ಅವಕಾಶ ಮಕ್ಕಳಿಗಾಗಲಿ ಇತರ ನಾಮಿನಿಗಳಿಗಾಗಲಿ ಇರಲಿಲ್ಲ. ಆಯ್ಕೆಗೆ ಮೊದಲು ನಿಗದಿಪಡಿಸಿದ್ದ ಜೂನ್ 30ರ ಗಡುವನ್ನು ಸೆಪ್ಟೆಂಬರ್ 30ಕ್ಕೂ, ಬಳಿಕ 2025ರ ನವೆಂಬರ್ 30ಕ್ಕೂ ವಿಸ್ತರಿಸಲಾಯಿತು. ಈ ಯೋಜನೆಯಡಿ ಪಿಂಚಣಿದಾರರ ಮರಣಾನಂತರ ಪತಿ ಅಥವಾ ಪತ್ನಿಗೆ ದೊರೆಯುವುದು ಪಿಂಚಣಿಯ ಶೇ 60ರಷ್ಟು.

ರಾಜ್ಯ ಸರ್ಕಾರಿ ನೌಕರರು

ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದವರ ಕುಟುಂಬಗಳಿಗೆ ಕರ್ನಾಟಕ ಸರ್ಕಾರಿ ನೌಕರರ (ಕುಟುಂಬ ಪಿಂಚಣಿ) ನಿಯಮಗಳು, 2002 ಅನ್ವಯಿಸುತ್ತವೆ. ಇಲ್ಲಿ ಕುಟುಂಬಕ್ಕೆ ಆಯ್ಕೆಯ ಹೊರೆ ಕಡಿಮೆ: ಯಾರು ಅರ್ಹರು, ಯಾವ ಕ್ರಮದಲ್ಲಿ ಅರ್ಹರು ಎಂಬುದನ್ನು ನಿಯಮವೇ ಹೇಳುತ್ತದೆ. ಆ ದಿನಾಂಕದಂದು ಮತ್ತು ಆನಂತರ ಸೇರಿದವರು ಎನ್‌ಪಿಎಸ್ ವ್ಯಾಪ್ತಿಗೆ ಬಂದರು. ಅವರಿಗೆ ರಾಜ್ಯ ಸರ್ಕಾರದ ಆದೇಶಗಳೇ ಅನ್ವಯವಾಗುವುದರಿಂದ, ಕೇಂದ್ರ ನೌಕರರ ನಿಯಮಗಳನ್ನು ರಾಜ್ಯದ ಶಿಕ್ಷಕರಿಗೋ ಕಂದಾಯ ಸಿಬ್ಬಂದಿಗೋ ನೇರವಾಗಿ ಅನ್ವಯಿಸಿಕೊಳ್ಳಲಾಗದು. ಅರ್ಜಿಯು ನೌಕರರು ಕೊನೆಯದಾಗಿ ಕೆಲಸ ಮಾಡಿದ ಕಚೇರಿಯ ಮೂಲಕವೇ ಸಾಗುತ್ತದೆ.

ನೌಕರರ ಪಿಂಚಣಿ ಯೋಜನೆ, 1995

ಭವಿಷ್ಯ ನಿಧಿಗೆ ಒಳಪಟ್ಟ ಗಿರಣಿ, ಕಾರ್ಖಾನೆ ಮತ್ತು ಖಾಸಗಿ ಸಂಸ್ಥೆಗಳ ನೌಕರರಿಗೆ ಈ ಯೋಜನೆ ಅನ್ವಯಿಸುತ್ತದೆ. ಇದು 1995ರ ನವೆಂಬರ್ 16ರಂದು ಜಾರಿಗೆ ಬಂದಿತು. ಇಲ್ಲಿಯೂ ನಿಯಮವೇ ಪ್ರಧಾನ. ಸದಸ್ಯರು ಮೃತಪಟ್ಟರೆ ಪತ್ನಿ ಅಥವಾ ಪತಿಗೆ ಪಿಂಚಣಿ, ಜೊತೆಗೆ 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ತಲಾ ವಿಧವಾ ಪಿಂಚಣಿಯ ಶೇ 25ರಷ್ಟು ಮೊತ್ತ ಸಲ್ಲುತ್ತದೆ. ತಂದೆತಾಯಿ ಇಬ್ಬರೂ ಇಲ್ಲದಿದ್ದರೆ ಮಕ್ಕಳಿಗೆ ಅನಾಥ ಪಿಂಚಣಿಯಾಗಿ ಶೇ 75ರಷ್ಟು ದೊರೆಯುತ್ತದೆ. ವಿಧವೆ ಮರುವಿವಾಹವಾದರೆ ಆಕೆಯ ಪಿಂಚಣಿ ನಿಂತು ಮಕ್ಕಳಿಗೆ ಅನಾಥ ಪಿಂಚಣಿಯ ದರ ಅನ್ವಯಿಸುತ್ತದೆ. ಕನಿಷ್ಠ ವಿಧವಾ ಪಿಂಚಣಿ 2014ರ ಸೆಪ್ಟೆಂಬರ್ 1ರಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ.

ಕುಟುಂಬ ಇಲ್ಲದ ಸದಸ್ಯರು ಮಾತ್ರ ಬೇರೊಬ್ಬರನ್ನು ಪಿಂಚಣಿಗೆ ನಾಮನಿರ್ದೇಶನ ಮಾಡಬಹುದು. ಅನಂತರ ವಿವಾಹವಾಗಿ ಕುಟುಂಬ ಏರ್ಪಟ್ಟರೆ ಆ ನಾಮನಿರ್ದೇಶನ ಅಸಿಂಧುವಾಗುತ್ತದೆ. ಉದಾಹರಣೆಗೆ, ಚಳ್ಳಕೆರೆಯ ಗಿರಣಿಯೊಂದರ ಕಾರ್ಮಿಕರು ಅವಿವಾಹಿತರಾಗಿದ್ದಾಗ ತಮ್ಮನ ಹೆಸರನ್ನು ನಮೂದಿಸಿ, ವಿವಾಹದ ಬಳಿಕ ಅದನ್ನು ಬದಲಿಸದೆ ತೀರಿಕೊಂಡರೂ ಪಿಂಚಣಿಗೆ ಅರ್ಹರಾಗುವವರು ಪತ್ನಿಯೇ ಹೊರತು ತಮ್ಮನಲ್ಲ. ಕುಟುಂಬವೂ ನಾಮಿನಿಯೂ ಇಲ್ಲದಿದ್ದರೆ ಅವಲಂಬಿತ ತಂದೆಗೆ, ಅವರ ನಂತರ ತಾಯಿಗೆ ಪಿಂಚಣಿ ಸಲ್ಲುತ್ತದೆ. ಅರ್ಜಿ ಸಲ್ಲಿಸಬೇಕಾದುದು ನಮೂನೆ 10-ಡಿಯಲ್ಲಿ; ಅಪ್ರಾಪ್ತ ಮಕ್ಕಳ ಪರವಾಗಿ ಪೋಷಕರು ಅರ್ಜಿ ಸಲ್ಲಿಸುತ್ತಾರೆ.

ಅಸಂಘಟಿತ ವಲಯದ ಯೋಜನೆಗಳು

ಕೈಮಗ್ಗದ ನೇಕಾರರು, ಕೃಷಿ ಕೂಲಿಕಾರರು ಮತ್ತು ಸಣ್ಣ ವ್ಯಾಪಾರಿಗಳಂಥವರು ಸೇರುವ ಯೋಜನೆಗಳಲ್ಲಿ ಮರಣಾನಂತರದ ಆಯ್ಕೆ ನಿಜಕ್ಕೂ ಪತಿ ಅಥವಾ ಪತ್ನಿಯ ಕೈಯಲ್ಲಿರುತ್ತದೆ.

2015ರ ಮೇ 9ರಂದು ಆರಂಭವಾದ ಅಟಲ್ ಪಿಂಚಣಿ ಯೋಜನೆಯಲ್ಲಿ 60 ವರ್ಷದ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿಗಳ ಪಿಂಚಣಿ ದೊರೆಯುತ್ತದೆ. ವಿವಾಹಿತ ಚಂದಾದಾರರಿಗೆ ಪತಿ ಅಥವಾ ಪತ್ನಿಯೇ ಸಹಜ ನಾಮಿನಿ. ಚಂದಾದಾರರು 60 ವರ್ಷಕ್ಕಿಂತ ಮೊದಲೇ ತೀರಿಕೊಂಡರೆ ಬದುಕುಳಿದ ಸಂಗಾತಿಗೆ ಎರಡು ದಾರಿಗಳಿವೆ: ಖಾತೆ ಮುಚ್ಚಿ ಸಂಚಿತ ಹಣ ಪಡೆಯುವುದು, ಅಥವಾ ಮೃತರಿಗೆ 60 ವರ್ಷ ತುಂಬಬೇಕಿದ್ದ ದಿನದವರೆಗೆ ವಂತಿಗೆ ಕಟ್ಟಿ ಅನಂತರ ಅದೇ ಪಿಂಚಣಿಯನ್ನು ಜೀವನಪರ್ಯಂತ ಪಡೆಯುವುದು. 30ನೆಯ ವಯಸ್ಸಿನಲ್ಲಿ 5,000 ರೂಪಾಯಿ ಪಿಂಚಣಿಗೆ ಸೇರಿದವರ ಮಾಸಿಕ ವಂತಿಗೆ 577 ರೂಪಾಯಿ. ಅವರು 50ನೆಯ ವಯಸ್ಸಿನಲ್ಲಿ ಮೃತಪಟ್ಟರೆ ಪತ್ನಿಯು ಇನ್ನು 10 ವರ್ಷ ಅದೇ ವಂತಿಗೆಯನ್ನು ಕಟ್ಟಬೇಕಾಗುತ್ತದೆ. ದುಡಿಯುವ ಕೈ ಇಲ್ಲವಾದ ಮನೆಗೆ ಇದು ಭಾರವೆನಿಸಬಹುದು. ಆದರೆ ಖಾತೆ ಮುಚ್ಚಿದರೆ ಮುಂದಿನ ಪಿಂಚಣಿಯ ಹಕ್ಕು ಇಲ್ಲವಾಗುತ್ತದೆ. 60 ವರ್ಷದ ನಂತರ ಚಂದಾದಾರರು ಮೃತಪಟ್ಟರೆ ಸಂಗಾತಿಗೆ ಅಷ್ಟೇ ಪಿಂಚಣಿ ಮುಂದುವರಿಯುತ್ತದೆ. ಇಬ್ಬರೂ ಗತಿಸಿದ ಮೇಲೆ ನಿಧಿಯು ನಾಮಿನಿಗೆ ಸಲ್ಲುತ್ತದೆ. 5,000 ರೂಪಾಯಿಯ ಶ್ರೇಣಿಯಲ್ಲಿ ಇದು ಸುಮಾರು 8.5 ಲಕ್ಷ ರೂಪಾಯಿ.

2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ 60 ವರ್ಷದ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿಯಿದೆ. ಸದಸ್ಯರು ಮೊದಲೇ ಮೃತಪಟ್ಟರೆ ಸಂಗಾತಿಯು ವಂತಿಗೆ ಮುಂದುವರಿಸಬಹುದು ಅಥವಾ ಯೋಜನೆಯಿಂದ ಹೊರಬರಬಹುದು. ಪಿಂಚಣಿ ಆರಂಭವಾದ ನಂತರ ಮೃತಪಟ್ಟರೆ ಸಂಗಾತಿಗೆ ಅದರ ಅರ್ಧದಷ್ಟು ಮಾತ್ರ ದೊರೆಯುತ್ತದೆ. ಮಕ್ಕಳಿಗೆ ಕುಟುಂಬ ಪಿಂಚಣಿ ಇಲ್ಲ.

ಅಗತ್ಯ ದಾಖಲೆಗಳು

ಎಲ್ಲ ಯೋಜನೆಗಳಲ್ಲಿಯೂ ಮೊದಲ ದಾಖಲೆ ಮರಣ ಪ್ರಮಾಣಪತ್ರ. ಮರಣವನ್ನು ಅದು ಸಂಭವಿಸಿದ ಸ್ಥಳದಲ್ಲಿಯೇ ನೋಂದಾಯಿಸಬೇಕು, ವಾಸಸ್ಥಳದಲ್ಲಿ ಅಲ್ಲ. ಮೊಳಕಾಲ್ಮುರು ತಾಲ್ಲೂಕು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದೆ. ಅಲ್ಲಿಯ ನಿವಾಸಿಯೊಬ್ಬರು ಬಳ್ಳಾರಿಯ ಅಥವಾ ಆಂಧ್ರದ ಅನಂತಪುರದ ಆಸ್ಪತ್ರೆಯಲ್ಲಿ ಮೃತಪಟ್ಟರೆ ಪ್ರಮಾಣಪತ್ರವನ್ನು ಆ ಊರಿನ ನೋಂದಣಾಧಿಕಾರಿಯಿಂದಲೇ ಪಡೆಯಬೇಕಾಗುತ್ತದೆ. 21 ದಿನಗಳೊಳಗೆ ಮಾಹಿತಿ ನೀಡಿದರೆ ನೋಂದಣಿಗೆ ಶುಲ್ಕವಿಲ್ಲ. ಒಂದು ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ.

ಕುಟುಂಬದ ಸದಸ್ಯರನ್ನು ಗುರುತಿಸುವ ವಂಶವೃಕ್ಷ ಮೊದಲಾದ ದೃಢೀಕರಣಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಲಾಗುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಯೋಜನೆಯ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರದಿದ್ದರೆ ಅರ್ಜಿ ತಡವಾಗುವ ಸಾಧ್ಯತೆಯಿದೆ.

ಸಾಮಾಜಿಕ ಭದ್ರತಾ ಪಿಂಚಣಿಗಳೊಂದಿಗೆ ವ್ಯತ್ಯಾಸ

ಸಂಧ್ಯಾ ಸುರಕ್ಷಾ, ವೃದ್ಧಾಪ್ಯ ವೇತನ ಮೊದಲಾದವು ವಂತಿಗೆ ಆಧಾರಿತ ಯೋಜನೆಗಳಲ್ಲ. ಫಲಾನುಭವಿಯ ಮರಣದೊಂದಿಗೆ ಅವು ನಿಲ್ಲುತ್ತವೆ, ಕುಟುಂಬಕ್ಕೆ ವರ್ಗಾವಣೆಯಾಗುವುದಿಲ್ಲ. ಗಂಡನಿಗೆ ಬರುತ್ತಿದ್ದ ಸಂಧ್ಯಾ ಸುರಕ್ಷಾ ಹಣವನ್ನು ಆತನ ನಂತರ ಹೆಂಡತಿ ತನ್ನ ಹೆಸರಿಗೆ ಬದಲಿಸಿಕೊಳ್ಳಲಾಗದು. ಆಕೆ ತನ್ನ ಸ್ವಂತ ಅರ್ಹತೆಯ ಮೇಲೆ ವಿಧವಾ ವೇತನಕ್ಕೆ ಅಥವಾ ಬೇರೆ ಯೋಜನೆಗೆ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಮೃತರ ಹೆಸರಿನಲ್ಲಿ ಜಮೆಯಾಗುವ ಹಣವನ್ನು ಪಡೆಯುತ್ತಾ ಹೋದರೆ ಅದು ಮುಂದೆ ವಸೂಲಿಗೆ ಒಳಗಾಗುತ್ತದೆ.