ಸಹ್ಯಾದ್ರಿಯ ಬಿಸಿಲಂಗಳ

ಮುಂಬಯಿಯಲ್ಲಿ ಬೆಳೆಯುವ ನಮಗೆ ಮಳೆಯೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢ ಶ್ರಾವಣಗಳಲ್ಲಿ ರೈಲು ನಿಲ್ಲುವುದು, ರಸ್ತೆ ಹೊಳೆಯಾಗುವುದು, ಶಾಲೆಗೆ ರಜೆ ಸಾರುವುದು ಇವೆಲ್ಲ ನಮಗೆ ವರ್ಷವರ್ಷದ ಅನುಭವ. ಆದರೆ ಮುಂಬಯಿಗಿಂತ ಎರಡೂವರೆ ಪಟ್ಟು ಹೆಚ್ಚು ಮಳೆಯಾಗುವ ಊರೊಂದು ನಮಗೆ ಆರೇಳು ಗಂಟೆಗಳ ಪ್ರಯಾಣದಷ್ಟು ದೂರದಲ್ಲಿಯೇ ಇದೆ. ಅದರಿಂದ ಕೇವಲ 19 ಕಿಲೋಮೀಟರ್ ಪೂರ್ವಕ್ಕೆ ಬಿಸಿಲಿಗಾಗಿಯೇ ಹೆಸರಾದ ಇನ್ನೊಂದು ಊರಿದೆ. ಮೊದಲನೆಯದು ಮಹಾಬಳೇಶ್ವರ, ಎರಡನೆಯದು ಪಂಚಗಣಿ. ಕಳೆದ ಮಾಘಮಾಸದಲ್ಲಿ ನಮ್ಮ ತರಗತಿಯವರು ಗುರುಗಳೊಡನೆ ಮೂರು ದಿನ ಈ ಪ್ರದೇಶವನ್ನು ಸುತ್ತಿ ಬಂದೆವು. ಅಲ್ಲಿ ಏನನ್ನು ನೋಡಬೇಕು, ಏನನ್ನು ತಿನ್ನಬೇಕು ಎಂಬುದನ್ನೂ, ಅದು ಹಾಗೇಕಿದೆ ಎಂಬುದನ್ನೂ ಮುಂದೆ ಹೋಗಲಿರುವ ಗೆಳೆಯರಿಗಾಗಿ ಇಲ್ಲಿ ಬರೆಯುತ್ತೇವೆ.

ಮಳೆಯ ಮೋರೆ, ಬಿಸಿಲಿನ ಬೆನ್ನು

ಮಹಾಬಳೇಶ್ವರವು ಸಹ್ಯಾದ್ರಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಅರಬ್ಬೀ ಸಮುದ್ರದ ಮೇಲಿಂದ ಬರುವ ನೈಋತ್ಯ ಮಾರುತಗಳಿಗೆ ಈ ಪರ್ವತಶ್ರೇಣಿಯೇ ಎದುರುಗೋಡೆ. ಗೋಡೆಗೆ ತಾಗಿದ ಗಾಳಿ ಮೇಲೇರಬೇಕಾಗುವುದು. ಮೇಲೇರಿದ ಗಾಳಿ ತಣಿಯುವುದು. ತಣಿದ ಗಾಳಿ ತನ್ನೊಳಗಿನ ನೀರಾವಿಯನ್ನು ಹಿಡಿದಿಡಲಾರದೆ ಮಳೆಯಾಗಿ ಸುರಿಸುವುದು. ಆದುದರಿಂದ ಇಲ್ಲಿ ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆ. ಬೆಟ್ಟದ ನೆತ್ತಿಯನ್ನು ದಾಟಿದ ಗಾಳಿ ಪೂರ್ವದ ಕಡೆಗೆ ಇಳಿಯತೊಡಗಿದೊಡನೆ ಮತ್ತೆ ಬೆಚ್ಚಗಾಗುವುದು, ಒಣಗುವುದು. ಹೀಗಾಗಿ ಪಂಚಗಣಿಗೆ ದಕ್ಕುವುದು ಮಹಾಬಳೇಶ್ವರದ ಮಳೆಯ ಮೂರನೆಯ ಒಂದು ಪಾಲಿಗಿಂತಲೂ ಕಡಮೆ. ಅಲ್ಲಿಂದ 12 ಕಿಲೋಮೀಟರ್ ಕೆಳಗಿರುವ ವಾಯಿ ಪಟ್ಟಣಕ್ಕಾದರೋ ಸುಮಾರು 750 ಮಿಲಿಮೀಟರ್ ಮಾತ್ರ. ಭೂಗೋಳದ ಪುಸ್ತಕದಲ್ಲಿ ನಾವು ಓದುವ 'ಮಳೆಯ ನೆರಳಿನ ಪ್ರದೇಶ'ವೆಂದರೆ ಇದೇ. ಪುಸ್ತಕದಲ್ಲಿ ಒಂದು ಸಾಲಾಗಿರುವುದನ್ನು ಇಲ್ಲಿ ಒಂದು ತಾಸಿನ ಬಸ್ಸು ಪ್ರಯಾಣದಲ್ಲಿ ಕಣ್ಣಾರೆ ಕಾಣಬಹುದು.

ಮಳೆಗಾಲ ಮುಗಿದ ಮೇಲೆ ಈ ಎರಡೂ ಊರುಗಳ ಮೇಲೆ ಆಕಾಶವು ನಿರ್ಮಲವಾಗಿರುವುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವು ಪ್ರವಾಸಕ್ಕೆ ಅತ್ಯುತ್ತಮವಾದುದು. ಹಗಲು ಹಿತವಾದ ಬಿಸಿಲು, ರಾತ್ರಿ ಕಂಬಳಿ ಬೇಡುವ ಚಳಿ. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಗಾಳಿ ತಂಪಾಗಿದೆಯೆಂದು ಬಿಸಿಲು ಸೌಮ್ಯವೆಂದು ತಿಳಿಯಬಾರದು. ಎತ್ತರದಲ್ಲಿ ಗಾಳಿಯ ಹೊದಿಕೆ ತೆಳುವಾಗಿರುವುದರಿಂದ ಸೂರ್ಯನ ಅತಿನೇರಳೆ ಕಿರಣಗಳು ಹೆಚ್ಚು ತೀಕ್ಷ್ಣವಾಗಿ ತಾಗುವುವು. ಟೋಪಿ ಧರಿಸದ ನಮ್ಮ ಕೆಲವರ ಮೂಗಿನ ತುದಿಗಳು ಎರಡನೆಯ ದಿನಕ್ಕೇ ಇದಕ್ಕೆ ಸಾಕ್ಷಿ ನುಡಿದುವು.

ಮೊದಲನೆಯ ದಿನ: ಕೊಂಕಣದಿಂದ ಏರುವುದು

ಮುಂಬಯಿಯಿಂದ ಪುಣೆಯ ಮಾರ್ಗವಾಗಿ ಹೋಗುವವರೇ ಬಹಳ. ನಮ್ಮ ಗುರುಗಳು ಮಾತ್ರ ಮಹಾಡ, ಪೋಲಾದಪುರಗಳ ಮೇಲೆ ಅಂಬೆನಳಿ ಘಾಟನ್ನು ಹತ್ತಿ, ಹಿಂದಿರುಗುವಾಗ ಪಸರಣಿ ಘಾಟಿನಿಂದ ವಾಯಿಗೆ ಇಳಿಯುವ ಯೋಜನೆ ಮಾಡಿದ್ದರು. ಮಳೆಗಾಳಿ ಏರುವ ದಾರಿಯಲ್ಲಿ ಏರಿ, ಅದು ಇಳಿಯುವ ದಾರಿಯಲ್ಲಿ ಇಳಿಯುವುದೇ ಇದರ ಉದ್ದೇಶವೆಂಬುದು ನಮಗೆ ಆಮೇಲೆ ತಿಳಿಯಿತು.

ಘಾಟಿನ ಹಾದಿಯಲ್ಲಿಯೇ ಪ್ರತಾಪಗಡವಿದೆ. ಶಿವಾಜಿ ಮಹಾರಾಜರ ಆಜ್ಞೆಯಂತೆ 1656ರಲ್ಲಿ ಕಟ್ಟಿದ ಈ ದುರ್ಗದ ಬುಡದಲ್ಲಿಯೇ 1659ರ ನವೆಂಬರ್ 10ರಂದು ಅವರಿಗೂ ವಿಜಾಪುರದ ಸರದಾರ ಅಫಜಲಖಾನನಿಗೂ ಭೇಟಿಯಾದುದು. ಕೋಟೆಯ ಮೇಲೆ ನಿಂತು ಸುತ್ತಲಿನ ದಟ್ಟ ಅಡವಿಯನ್ನೂ ಕಡಿದಾದ ಕಣಿವೆಗಳನ್ನೂ ನೋಡಿದರೆ, ಬಯಲಿನ ಯುದ್ಧಕ್ಕೆ ಪಳಗಿದ ದೊಡ್ಡ ಸೈನ್ಯವು ಇಲ್ಲಿ ನಿರುಪಾಯವಾದುದೇಕೆಂಬುದು ತಾನಾಗಿ ಹೊಳೆಯುವುದು.

ಎರಡನೆಯ ದಿನ: ನೀರು ಹುಟ್ಟುವ ಸ್ಥಳ

ಇಂದಿನ ಪೇಟೆಯಿರುವ ಊರು ಹೊಸದು. ಮುಂಬಯಿಯ ಗವರ್ನರನಾಗಿದ್ದ ಸರ್ ಜಾನ್ ಮಾಲ್ಕಮನ ಕಾಲದಲ್ಲಿ, ಸುಮಾರು 1828ರಿಂದ, ಅದು ಬೆಳೆಯಿತು. ಅದಕ್ಕೆ ಮಾಲ್ಕಮ್ ಪೇಟೆಯೆಂಬ ಹೆಸರೂ ಉಂಟು. ಅಲ್ಲಿಂದ ಆರು ಕಿಲೋಮೀಟರ್ ದೂರದಲ್ಲಿರುವುದು ಹಳೆಯ ಕ್ಷೇತ್ರ. ಅಲ್ಲಿಯ ಪಂಚಗಂಗಾ ದೇವಾಲಯದಲ್ಲಿ ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳು ಉಗಮಿಸುವುವೆಂದು ಭಾವನೆ. ಕಲ್ಲಿನ ಗೋಮುಖದಿಂದ ನೀರು ಸಣ್ಣ ಧಾರೆಯಾಗಿ ಬೀಳುತ್ತಿತ್ತು. ಅರಬ್ಬೀ ಸಮುದ್ರವು ಇಲ್ಲಿಂದ 65 ಕಿಲೋಮೀಟರಿನಷ್ಟು ಹತ್ತಿರ. ಆದರೂ ಕೃಷ್ಣೆಯು ಅದಕ್ಕೆ ಬೆನ್ನು ತಿರುಗಿಸಿ, ಸುಮಾರು 1,400 ಕಿಲೋಮೀಟರ್ ಪೂರ್ವಕ್ಕೆ ನಡೆದು ಬಂಗಾಳ ಕೊಲ್ಲಿಯನ್ನು ಸೇರುವಳು. ಸಾವಿತ್ರಿಯು ಮಾತ್ರ ಪಶ್ಚಿಮಕ್ಕೆ ಧುಮುಕಿ, ಮಹಾಡದ ಮೇಲೆ ಹರಿದು, ಬಾಣಕೋಟದಲ್ಲಿ ಕಡಲಿಗೆ ಬೀಳುವಳು. ದಖನ್ ಪ್ರಸ್ಥಭೂಮಿಯು ಪೂರ್ವಕ್ಕೆ ವಾಲಿರುವುದೇ ಈ ಅಗಲಿಕೆಗೆ ಕಾರಣ.

ಗೋಮುಖದ ಮುಂದೆ ನಮ್ಮ ತರಗತಿಯ ಗೆಳೆಯನೊಬ್ಬನು ಬಹಳ ಹೊತ್ತು ನಿಂತಿದ್ದನು. "ಸರ್, ಈ ನೀರು ಆಲಮಟ್ಟಿಗೇ ಹೋಗುತ್ತದೆಯೆ?" ಎಂದು ಅವನು ಕೇಳಿದನು. ಗುರುಗಳು ಹೌದೆಂದರು. ಅವನ ಅಜ್ಜಿಯ ಹಳೆಯ ಊರು ಬಾಗಲಕೋಟೆಯ ಕಡೆಯದು. ಅಣೆಕಟ್ಟಿನ ನೀರು ನಿಂತಾಗ ಆ ಮನೆ, ಹೊಲ ಎರಡೂ ಮುಳುಗಿದುವು, ತಂದೆ ಕೆಲಸವನ್ನು ಅರಸಿಕೊಂಡು ಮುಂಬಯಿಗೆ ಬಂದರು. ಅಷ್ಟು ದೊಡ್ಡ ನೀರು ಇಲ್ಲಿ ಒಂದು ಬೊಗಸೆಯಷ್ಟಿರುವುದನ್ನು ಕಂಡು ಅವನು ಏನನ್ನೂ ಆಡದೆ ಒಂದು ಸೀಸೆಯಲ್ಲಿ ನೀರು ತುಂಬಿಕೊಂಡನು. ಅಜ್ಜಿಗೆಂದು ನಮಗೆ ಹೇಳಿದನು. ಬೆಳಗಾವಿ, ವಿಜಾಪುರ, ಬಾಗಲಕೋಟೆ, ರಾಯಚೂರುಗಳ ಬಂಧುಗಳುಳ್ಳ ನಮ್ಮಲ್ಲಿ ಅನೇಕರು ಅದುವರೆಗೆ ಈ ಬೆಟ್ಟವನ್ನು ಪರರ ನಾಡೆಂದೇ ನೋಡುತ್ತಿದ್ದೆವು. ಆಮೇಲೆ ಹಾಗೆ ನೋಡುವುದು ಸಾಧ್ಯವಾಗಲಿಲ್ಲ.

ಕ್ಷೇತ್ರದಿಂದ ಮುಂದೆ ರಸ್ತೆಯ ಕೊನೆಯಲ್ಲಿರುವುದು 'ಆರ್ಥರ್ಸ್ ಸೀಟ್' ಎಂಬ ಕೋಡುಗಲ್ಲು. ಒಂದು ಕಡೆ ಸಾವಿತ್ರಿಯ ಪಾತಾಳಸದೃಶ ಕಮರಿ, ಹಸುರು ಕೊಂಕಣ. ಇನ್ನೊಂದು ಕಡೆ ಕೃಷ್ಣೆಯ ಜೋರ್ ಕಣಿವೆ. ನೀರು ಎರಡಾಗಿ ಹಂಚಿಹೋಗುವ ನೆತ್ತಿಯ ಮೇಲೆಯೇ ನಾವು ನಿಂತಿರುವೆವು! ಇಲ್ಲಿ ಹಗುರವಾದ ವಸ್ತುವನ್ನು ಕಣಿವೆಗೆ ಎಸೆದರೆ ಅದು ಮೇಲಕ್ಕೆ ಹಾರಿ ಬರುವುದೆಂಬ ಮಾತು ಪ್ರಸಿದ್ಧ. ನಮ್ಮಲ್ಲೊಬ್ಬನು ನೀರಿನ ಬಾಟಲಿಯ ಮುಚ್ಚಳವನ್ನು ಎಸೆದನು. ಅದು ಸ್ವಲ್ಪ ಇಳಿದು, ಗಾಳಿಗೆ ಸಿಕ್ಕಿ ತಿರುಗಿ ಬಂದು ನಮ್ಮ ಹಿಂದೆಯೇ ಬಿದ್ದಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಡಿದಾದ ಬಂಡೆಗೆ ತಾಗಿ ನೇರ ಮೇಲೇರುವ ಗಾಳಿಯೇ ಇದನ್ನು ಮಾಡುವುದೆಂದೂ, ಮಳೆಗಾಲದಲ್ಲಿ ಮೋಡಗಳನ್ನು ಮೇಲೆತ್ತುವುದೂ ಇಂಥ ಗಾಳಿಯೇ ಎಂದೂ ಗುರುಗಳು ವಿವರಿಸಿದರು. ಬಳಿಕ ಕೆಳಗಿನ ಬಂಡೆಯಂಚನ್ನು ತೋರಿಸಿದರು. ತಿರುಗಿ ಬಾರದ ನೂರಾರು ಮುಚ್ಚಳಗಳು, ಸೀಸೆಗಳು, ಚೀಲಗಳು ಅಲ್ಲಿ ಸಿಕ್ಕಿಕೊಂಡಿದ್ದುವು. ಎರಡನೆಯ ಮುಚ್ಚಳವನ್ನು ಯಾರೂ ಎಸೆಯಲಿಲ್ಲ.

ಸಂಜೆಗೆ ವೆಣ್ಣಾ ಸರೋವರದಲ್ಲಿ ದೋಣಿವಿಹಾರ ಮಾಡಿದೆವು. ಇದು ದೇವನಿರ್ಮಿತವಾದುದಲ್ಲ, ಸಾತಾರೆಯ ಅರಸರು 1842ರಲ್ಲಿ ಕಟ್ಟಿಸಿದುದು. ಸೂರ್ಯಾಸ್ತವನ್ನು ನೋಡಲು ಬಾಂಬೇ ಪಾಯಿಂಟಿಗೆ ಜನರು ಜಾತ್ರೆಯಂತೆ ನೆರೆಯುವರು. ಸೂರ್ಯೋದಯಕ್ಕೆ ವಿಲ್ಸನ್ ಪಾಯಿಂಟು ಲೇಸು.

ತಿನಿಸುಗಳ ವಿಚಾರ

ಈ ಪ್ರಾಂತದ ಊಟವು ಮಳೆಯ ಅಳತೆಗೋಲೆಂದರೆ ಆಶ್ಚರ್ಯವಾದೀತು. ಕೊಂಕಣದ ಕಡೆ ಭತ್ತ ಬೆಳೆಯುವುದರಿಂದ ಅಕ್ಕಿಯ ಭಾಕರಿ. ಬೆಟ್ಟದ ಇಳಿಜಾರುಗಳಲ್ಲಿ ರಾಗಿ ಬೆಳೆಯುವುದರಿಂದ ರಾಗಿಯ ಭಾಕರಿ. ವಾಯಿಯ ಬಯಲಿಗಿಳಿದರೆ ಜೋಳದ ಭಾಕರಿ. ಭಾಕರಿಯ ಬಣ್ಣ ನೋಡಿ ಮಳೆ ಎಷ್ಟೆಂದು ಹೇಳಬಹುದು! ಪ್ರತಾಪಗಡದ ಕೆಳಗೆ ಗುಡಿಸಲಿನ ಖಾನಾವಳಿಯೊಂದರಲ್ಲಿ ಭಾಕರಿ, ಝುಣಕ, ಹಸಿಮೆಣಸಿನಕಾಯಿಯ ಖಾರ, ಈರುಳ್ಳಿ, ಮಜ್ಜಿಗೆ ಬಡಿಸಿದರು. ಉತ್ತರ ಕರ್ನಾಟಕದ ಗೆಳೆಯರು ಮನೆಗೇ ಬಂದಂತೆ ಉಂಡರು. ತುಳುನಾಡಿನ ಗೆಳೆಯರು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ಎರಡನೆಯ ಭಾಕರಿ ಕೇಳಿದರು.

ಪೇಟೆಯಲ್ಲಿ ಸುಟ್ಟ ಗೋವಿನಜೋಳ, ಚಿಕ್ಕಿ, ಹುರಿಗಡಲೆ, ಹಣ್ಣಿನ ಪಾನಕ ಎಲ್ಲವೂ ಉಂಟು. ಆದರೆ ಇಲ್ಲಿಯ ರಾಜಫಲವು ಸ್ಟ್ರಾಬೆರಿ. ನಮ್ಮ ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಈ ಬೆಟ್ಟದಲ್ಲಿಯೇ ಬೆಳೆಯುವುದು. 2010ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಮಳೆ ನಿಂತೊಡನೆ ಸಸಿ ನೆಡುವರು. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆಯನ್ನು ಕೂಡಿಸುವುದು, ರಾತ್ರಿಯ ಚಳಿ ಆ ಸಕ್ಕರೆ ವ್ಯಯವಾಗದಂತೆ ಕಾಯುವುದು. ಹಣ್ಣಿನ ಮೇಲೆ ಬೀಜದಂತೆ ಕಾಣುವ ಚುಕ್ಕೆಗಳೇ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಹಣ್ಣುಗಳು. ನಾವು ತಿನ್ನುವ ಕೆಂಪು ಭಾಗವು ಉಬ್ಬಿದ ಹೂಪೀಠ. ಈ ಸತ್ಯವನ್ನು ತಿಳಿದ ಮೇಲೆಯೂ ಕೆನೆ ಕೂಡಿಸಿದ ಸ್ಟ್ರಾಬೆರಿಯ ರುಚಿ ಸ್ವಲ್ಪವೂ ಕುಂದಲಿಲ್ಲ.

ಮೂರನೆಯ ದಿನ: ಬಿಸಿಲಿನ ಕಡೆಗೆ

ಪಂಚಗಣಿಯ ಹಾದಿಯಲ್ಲಿ ಭಿಲಾರವೆಂಬ ಹಳ್ಳಿಯಿದೆ. ಮಹಾರಾಷ್ಟ್ರ ಸರಕಾರವು 2017ರಲ್ಲಿ ಇದನ್ನು 'ಪುಸ್ತಕಗಳ ಊರು' ಮಾಡಿತು. ಗ್ರಾಮಸ್ಥರ ಮನೆಗಳಲ್ಲಿಯೇ ಸಾವಿರಾರು ಮರಾಠಿ ಪುಸ್ತಕಗಳನ್ನು ಇರಿಸಲಾಗಿದೆ. ಬಂದವರು ಕುಳಿತು ಎಷ್ಟು ಹೊತ್ತಾದರೂ ಓದಬಹುದು. ಕನ್ನಡ ನಾಡಿನಲ್ಲಿಯೂ ಇಂಥದೊಂದು ಊರಿರಬೇಕೆಂದು ನಮಗೆ ಅನಿಸಿತು.

ಪಂಚಗಣಿಯನ್ನು 1860ರ ದಶಕದಲ್ಲಿ ಜಾನ್ ಚೆಸನ್ ಎಂಬವನು ನೆಲೆಗೊಳಿಸಿದನು. ಮಳೆಗಾಲದಲ್ಲಿಯೂ ವಾಸಯೋಗ್ಯವಾದುದರಿಂದ ಇಲ್ಲಿ ವಸತಿಶಾಲೆಗಳು ಹುಟ್ಟಿದುವು. ಕ್ಷಯರೋಗಕ್ಕೆ ಮದ್ದಿಲ್ಲದ ಕಾಲದಲ್ಲಿ ಒಣಹವೆಯೂ ಬಿಸಿಲೂ ಒಳ್ಳೆಯವೆಂದು ನಂಬಿ ಆರೋಗ್ಯಧಾಮಗಳೂ ನಿಂತುವು. ಊರಿನ ಮೇಲಿರುವುದು 'ಟೇಬಲ್ ಲ್ಯಾಂಡ್' ಎಂಬ ವಿಶಾಲವಾದ ಕಲ್ಲುಹಾಸು. ಅದರ ಕೆಂಪು ಕಲ್ಲನ್ನು ಕಂಡೊಡನೆ ಮಂಗಳೂರಿನ ಕಡೆಯ ಗೆಳೆಯರು "ಇದು ನಮ್ಮ ಮುರಕಲ್ಲು!" ಎಂದು ಕೂಗಿದರು. ಅವರ ಮಾತು ಸರಿ. ಈ ತೂತುತೂತಿನ ಮುರಕಲ್ಲು ಮಳೆನೀರನ್ನು ಹೀರಿಕೊಳ್ಳುವುದು. ಅಡಿಯಲ್ಲಿರುವ ಗಟ್ಟಿ ಕರಿಗಲ್ಲಿಗೆ ತಾಗಿ ಆ ನೀರು ಬೆಟ್ಟದ ಪಕ್ಕೆಗಳಲ್ಲಿ ಒರತೆಯಾಗಿ ಹೊರಡುವುದು. ಮಳೆಯಿಲ್ಲದ ತಿಂಗಳುಗಳಲ್ಲಿ ಇಲ್ಲಿಯ ಹಳ್ಳಗಳಿಗೆ ಆಧಾರ ಇಂಥ ಒರತೆಗಳೇ. ಕಲ್ಲುಹಾಸಿನ ಮೇಲೆ ಸಿಮೆಂಟು ಹರಡಿದರೆ, ಕಸ ತುಂಬಿದರೆ ಒರತೆಯ ಬಾಯಿ ಕಟ್ಟಿದಂತೆಯೇ. ಇದನ್ನರಿತೇ ಕೇಂದ್ರ ಸರಕಾರವು 2001ರಲ್ಲಿ ಮಹಾಬಳೇಶ್ವರ–ಪಂಚಗಣಿಗಳನ್ನು ಪರಿಸರಸೂಕ್ಷ್ಮ ಪ್ರದೇಶವೆಂದು ಸಾರಿ ಕಟ್ಟಡಗಳಿಗೆ ಮಿತಿ ಹಾಕಿತು. ಕಾಯಿದೆಯು ಕಟ್ಟಡಕ್ಕೆ ಮಿತಿ ಹಾಕಬಲ್ಲುದು; ಎಸೆಯುವ ಕೈಗೆ ಮಿತಿ ಹಾಕಬೇಕಾದವರು ನಾವೇ.

ಮಧ್ಯಾಹ್ನ ಪಸರಣಿ ಘಾಟನ್ನಿಳಿದೆವು. ಪ್ರತಿಯೊಂದು ತಿರುವಿಗೂ ಹಸುರು ಕಡಮೆಯಾಗಿ ಒಣಹುಲ್ಲು ಹೆಚ್ಚಾಯಿತು, ಸೆಕೆಯೂ ಏರಿತು. ವಾಯಿಯಲ್ಲಿ ಕೃಷ್ಣೆಯು ಆಗಲೇ ನದಿಯಾಗಿದ್ದಳು. 1762ರಲ್ಲಿ ಕಟ್ಟಿದ ಢೋಲ್ಯಾ ಗಣಪತಿಯ ಗುಡಿಯ ಮುಂದೆ, ಘಾಟಿನ ಮೆಟ್ಟಿಲುಗಳಲ್ಲಿ ಬಟ್ಟೆ ಒಗೆಯುವವರು, ಸ್ನಾನ ಮಾಡುವವರು, ಆಡುವ ಹುಡುಗರು. ಹಿಂದಿನ ದಿನ ಬೊಗಸೆಯಲ್ಲಿ ಹಿಡಿದ ನೀರೇ ಇದು.

ನಮ್ಮ ಗೆಳೆಯನ ಸೀಸೆಯ ನೀರು ಊರನ್ನು ತಲಪಿತು. ರಜೆಯಲ್ಲಿ ಅವನು ಅದನ್ನು ಅಜ್ಜಿಗೆ ಒಯ್ದು ಕೊಟ್ಟಾಗ ಆಕೆ ಮೊದಲು ಕೇಳಿದ ಪ್ರಶ್ನೆ ಇದು: "ಅಲ್ಲಿ ನೀರು ಚೊಕ್ಕಟ ಅದ ಏನಪಾ?" ಅವನು ಇದೆಯೆಂದು ಉತ್ತರ ಕೊಟ್ಟನು. ಮುಂದೆ ಈ ಬೆಟ್ಟಕ್ಕೆ ಹೋಗುವ ನಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದೇ ಉತ್ತರವನ್ನು ಕೊಡುವಂತಾಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.