ವಂಶಾವಳಿಯಿಂದ ಬಿಟ್ಟುಹೋದ ಕಾಕಾ

ಬಾದಾಮಿಯ ಮೂರನೆಯ ಗುಹೆಯಲ್ಲಿ ತಮ್ಮನೊಬ್ಬ ಅಣ್ಣನಿಗಾಗಿ ಬರೆಸಿದ ಮಾತಿದೆ. ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ. ವಿಷ್ಣುವಿಗೆ ಕಲ್ಮನೆ ಕಡೆಸಿದ ಮಂಗಲೇಶ, ಇದರ ಪುಣ್ಯವೆಲ್ಲ ಅಣ್ಣ, ಚಾಲುಕ್ಯ ದೊರೆ ಕೀರ್ತಿವರ್ಮನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದು ಬೇಡಿಕೊಂಡಿದ್ದಾನೆ. ಒಂದು ಮನೆತನದ ಅಕ್ಕರೆ ಇಷ್ಟು ಹಸಿಯಾಗಿ ಕಲ್ಲಿನಲ್ಲಿ ಉಳಿದಿರುವುದು ಅಪರೂಪ.

ಆ ಮನೆ ಮುಂದೆ ಒಡೆಯಿತು. ಒಡೆದ ಕಥೆಯೂ ಕಲ್ಲಿನಲ್ಲೇ ಇದೆ. ಆದರೆ ಒಂದೇ ಕಲ್ಲಿನಲ್ಲಿಲ್ಲ.

ಮಹಾಕೂಟದ ಶಾಸನದ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. 602ರಲ್ಲಿ ಅದನ್ನು ಬರೆಸುವ ಹೊತ್ತಿಗೆ ಕೀರ್ತಿವರ್ಮ ತೀರಿಕೊಂಡಿದ್ದ, ಮಂಗಲೇಶನೇ ದೊರೆಯಾಗಿದ್ದ. ಆಗಲೂ ಅವನು ಅಣ್ಣನ ಗೆಲುವುಗಳನ್ನು ಹೊಗಳುತ್ತಾನೆ. ಅಲ್ಲೇ ಒಂದು ಸೂಕ್ಷ್ಮವೂ ಇದೆ. ಬಟ್ಪೂರ ಮನೆತನದ ದುರ್ಲಭದೇವಿಯನ್ನು ‘ತಂದೆಯ ಪತ್ನಿ’ ಎನ್ನಲಾಗಿದೆ. ಕೀರ್ತಿವರ್ಮನೂ ಮಂಗಲೇಶನೂ ಒಬ್ಬ ತಾಯಿಯ ಮಕ್ಕಳಲ್ಲ ಎಂದು ಕೆಲವು ವಿದ್ವಾಂಸರು ಊಹಿಸಿರುವುದು ಇಂಥ ಎಳೆ ಹಿಡಿದೇ.

ಜಗಳ ಬಯಲಾಗುವುದು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ. ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆದ ಶಾಸನವನ್ನು ಹರ್ಷನ ಸೋಲಿಗಾಗಿ ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಮೊದಲಿನ ಪದ್ಯಗಳಲ್ಲಿ ಇರುವುದು ಮನೆಯ ಮಾತು. ಅಣ್ಣನ ಮಗ ಪುಲಿಕೇಶಿಯನ್ನು ಕಂಡರೆ ಕಾಕಾನಿಗೆ ಹೊಟ್ಟೆಕಿಚ್ಚು. ಹುಡುಗ ನಾಡು ಬಿಟ್ಟು ಅಲೆಯಲು ಹೊರಡುತ್ತಾನೆ, ಬಲ ಕೂಡಿಸಿಕೊಂಡು ಎದುರು ನಿಲ್ಲುತ್ತಾನೆ. ಪಟ್ಟ ತನ್ನ ಮಗನಿಗೇ ದಕ್ಕಲಿ ಎಂದು ಹೆಣಗಿದ ಮಂಗಲೇಶ ಆ ಹೆಣಗಾಟದ ಜೊತೆಗೆ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ ಎಂದು ರವಿಕೀರ್ತಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಮನೆಯ ಒಡಕು ನೋಡಿ ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಭೀಮಾ ನದಿಯ ಕಡೆಯಿಂದ ಮೇಲೆ ಬಿದ್ದದ್ದನ್ನೂ ಬರೆದಿದ್ದಾನೆ. ರವಿಕೀರ್ತಿ ಪುಲಿಕೇಶಿಯ ಆಶ್ರಯದ ಕವಿ. ಇದು ಗೆದ್ದವನ ಕಡೆಯ ಸಾಕ್ಷಿ ಎಂಬುದನ್ನು ಮರೆಯಬಾರದು.

ಆಂಧ್ರದ ಅನಂತಪುರ ಸೀಮೆಯ ಪೆದ್ದವಡುಗೂರಿನ ಶಾಸನದಲ್ಲಿ ಪುಲಿಕೇಶಿ ‘ರಣವಿಕ್ರಮ’ನನ್ನು ಸೋಲಿಸಿದ ಮಾತಿದೆ. ಈ ರಣವಿಕ್ರಮ ಮಂಗಲೇಶನೇ ಎಂಬುದು ಒಂದು ಅಭಿಪ್ರಾಯ. ಕಾಕಾ ಸೋತದ್ದು ಅಲ್ಲೇ ಎಂದು ಶಾಸನತಜ್ಞ ಕೆ.ವಿ. ರಮೇಶ್ ಗುರುತಿಸಿದರು.

ಇನ್ನು ತಾಮ್ರಪಟಗಳು. ಪುಲಿಕೇಶಿ 612ರಲ್ಲಿ ಕೊಟ್ಟ ಹೈದರಾಬಾದ್ ಪಟದ ವಂಶಾವಳಿಯಲ್ಲಿ ಅಜ್ಜನಿದ್ದಾನೆ, ಅಪ್ಪನಿದ್ದಾನೆ. ನಡುವೆ ಹತ್ತಾರು ವರ್ಷ ಆಳಿದ ಕಾಕಾ ಇಲ್ಲ. ಸುಮಾರು ನಾಲ್ಕು ಶತಮಾನ ಕಳೆದು, ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕೌಠೇಂ ತಾಮ್ರಪಟದಲ್ಲಿ ಮಂಗಲೇಶ ಮತ್ತೆ ಕಾಣಿಸಿಕೊಳ್ಳುತ್ತಾನೆ. ಈ ಸಲ ಅವನು ಸಜ್ಜನ. ಅಣ್ಣನ ಮಕ್ಕಳು ಚಿಕ್ಕವರೆಂದು ರಾಜ್ಯಭಾರ ಹೊತ್ತು, ಪುಲಿಕೇಶಿ ಪ್ರಾಯಕ್ಕೆ ಬಂದಾಗ ಒಪ್ಪಿಸಿದನಂತೆ! ರಕ್ತ ಹರಿದ ಜಗಳವನ್ನು ಮುಂದಿನವರು ಮನೆತನದ ಮರ್ಯಾದೆಗಾಗಿ ತೊಳೆದು ಒಣಹಾಕಿದ್ದರು.

ಅರಮನೆಯಲ್ಲಿ ನಡೆದದ್ದು ಒಕ್ಕಲು ಮನೆಗಳಲ್ಲೂ ನಡೆಯುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲ ಸೀಮೆಯ ಮನೆತನಗಳ ಲೆಕ್ಕ ಇಟ್ಟವರು ಹೆಳವರು. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಕಟ್ಟೆಯ ಮೇಲೆ ಕುಳಿತು, ಯಾವ ಊರಿಂದ ಬಂದಿರಿ, ನಿಮ್ಮ ಬೆಡಗು ಯಾವುದು, ಮುತ್ತಜ್ಜನಿಗೆ ಎಷ್ಟು ಮಕ್ಕಳು ಎಂದು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಮನೆಯವರು ಹೇಳದ ಹೆಸರು ಅವರ ಹೊತ್ತಿಗೆಗೂ ಏರುವುದಿಲ್ಲ. ವಾಟ್ನಿಯಲ್ಲಿ, ಅಂದರೆ ಆಸ್ತಿಯ ಪಾಲಿನಲ್ಲಿ, ಮುನಿಸಿಕೊಂಡು ಊರು ಬಿಟ್ಟ ಕಾಕಾ, ತವರಿಗೆ ಮರಳಿದ ಮೊದಲ ಹೆಂಡತಿ ಹೀಗೆಯೇ ಕಾಣೆಯಾಗುತ್ತಾರೆ.

ಅವರನ್ನು ಹುಡುಕಲು ಬೇರೆ ಕಾಗದಗಳನ್ನು ಪಕ್ಕಕ್ಕಿಟ್ಟು ಓದಬೇಕು: ಹೊಲದ ಉತಾರ, ವಾಟ್ನಿಪತ್ರ, ಮೋಡಿ ಲಿಪಿಯ ಹಳೆಯ ದಸ್ತಾವೇಜು. 1880ರ ದಶಕದವರೆಗೆ ಈ ಸೀಮೆಯ ಜಿಲ್ಲಾ ಕೇಂದ್ರ ಕಲಾದಗಿ. ಆಮೇಲೆ 1997ರವರೆಗೆ ಬಾಗಲಕೋಟೆ ಬಿಜಾಪುರ ಜಿಲ್ಲೆಯೊಳಗಿತ್ತು. ಹುಡುಕುವವರು ಈ ಹೆಸರುಗಳನ್ನು ನೆನಪಿಟ್ಟರೆ ದಾರಿ ಸಿಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರ ಟ್ರಂಕುಗಳಲ್ಲಿ ಇಂಥ ಕಾಗದ ಇನ್ನೂ ಇರಬಹುದು. ಅವನ್ನು ರದ್ದಿಗೆ ಹಾಕಬೇಡಿ. ಮುಂದಿನ ಸಲ ಹೆಳವರು ಬಾಗಿಲಿಗೆ ಬಂದಾಗ, ಮಾತು ಬಿಟ್ಟ ಕಾಕಾನ ಹೆಸರನ್ನೂ ಅವನ ಮಕ್ಕಳ ಹೆಸರನ್ನೂ ಹೇಳಿ ಬರೆಸಿ.